ಬಾಕಿ 112: ಸಾಯುತ್ತಿದ್ದ ಒಂದು ಬೂಟ್ ಡ್ರೈವಿನ ಪ್ರಕರಣ

ಯಂತ್ರ ಅಕ್ಕನದು. ಅವಳು ಮನೆಯಿಂದಲೇ ಅನುವಾದದ ಕೆಲಸ ಮಾಡುತ್ತಾಳೆ. ಮೇಜಿನ ಕೆಳಗೆ ಏಳು ವರ್ಷ ಹಳೆಯ ಡೆಸ್ಕ್‌ಟಾಪ್. ಅದರೊಳಗೆ 1 ಟಿಬಿಯ ಒಂದೇ ಒಂದು ಹಾರ್ಡ್ ಡಿಸ್ಕ್. ಅದರಲ್ಲೇ ವಿಂಡೋಸ್ 10, ಅದರಲ್ಲೇ ಅನುವಾದದ ತಂತ್ರಾಂಶ, ಅದರಲ್ಲೇ ಏಳು ವರ್ಷ ಕೂಡಿಸಿದ ವಾಕ್ಯ ಜೋಡಿಗಳ ಭಂಡಾರ. ಒಮ್ಮೆ ಅನುವಾದಿಸಿದ ವಾಕ್ಯವನ್ನು ನೆನಪಿಟ್ಟುಕೊಂಡು ಮುಂದೆ ಅಂಥದ್ದೇ ವಾಕ್ಯ ಬಂದಾಗ ಎತ್ತಿಕೊಡುವ 1.3 ಜಿಬಿಯ ಒಂದು ಕಡತ ಅದು. ಅಕ್ಕನ ಮಟ್ಟಿಗೆ ಕಂಪ್ಯೂಟರ್ ಎಂದರೆ ಆ ಕಡತ; ಉಳಿದದ್ದೆಲ್ಲ ಅದನ್ನು ಹೊತ್ತು ನಿಂತ ಪೆಟ್ಟಿಗೆ.

ಮೊದಲು ಬಂದದ್ದು ನಿಧಾನದ ದೂರು. ಎರಡು ನಿಮಿಷದಲ್ಲಿ ತೆರೆದುಕೊಳ್ಳುತ್ತಿದ್ದ ವಿಂಡೋಸ್ ಐದು ನಿಮಿಷ ತೆಗೆದುಕೊಳ್ಳತೊಡಗಿತು, ಆಮೇಲೆ ಹನ್ನೊಂದು. ವೈರಸ್ ಇರಬೇಕು ಎಂದು ಅಕ್ಕ, ರ‍್ಯಾಮ್ ಸಾಲದಾಗಿರಬೇಕು ಎಂದು ಅವಳ ಸಹೋದ್ಯೋಗಿ, ಒಮ್ಮೆ ಫಾರ್ಮ್ಯಾಟ್ ಮಾಡಿಬಿಟ್ಟರೆ ಸರಿಹೋಗುತ್ತದೆ ಎಂದು ಮತ್ತೊಬ್ಬರು. ನಿಧಾನವಾದ ಕಂಪ್ಯೂಟರಿಗೆ ಎಲ್ಲರ ಬಳಿಯೂ ಒಂದು ಮದ್ದು ಇರುತ್ತದೆ. ಅಪ್‌ಡೇಟ್ ಆಗುತ್ತಿರಬೇಕು ಎಂದು ನಾನೂ ನನ್ನ ಪಾಲಿನ ಮದ್ದನ್ನು ಫೋನಿನಲ್ಲೇ ಕೊಟ್ಟು ಸುಮ್ಮನಾದೆ.

ಒಂದು ಬೆಳಿಗ್ಗೆ ಕಪ್ಪು ತೆರೆಯ ಮೇಲೆ ಬೂಟ್ ಮಾಡಲು ಸಾಧನವೇ ಇಲ್ಲ ಎಂಬ ಸಂದೇಶ ಬಂತು. ಸ್ವಿಚ್ ಆರಿಸಿ ಹಾಕಿದಾಗ ಏನೂ ಆಗದಂತೆ ತೆರೆದುಕೊಂಡಿತು. ಮರುದಿನ ರಾತ್ರಿ ಅಕ್ಕನ ಫೋನ್: "ಡ್ರೈವ್ ಪರೀಕ್ಷಿಸಿ ಸರಿಪಡಿಸುತ್ತಿದ್ದೇನೆ ಅಂತ ಹೇಳಿ ನೂರಕ್ಕೆ ಹನ್ನೊಂದರಲ್ಲೇ ಒಂದು ಗಂಟೆಯಿಂದ ನಿಂತಿದೆ. ಏನು ಮಾಡಲಿ?"

"ಮುಗಿಯಲಿ ಬಿಡು, ಮಧ್ಯೆ ನಿಲ್ಲಿಸಬೇಡ" ಎಂದೆ.

ಈ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೇ. ವಿಂಡೋಸ್ ತಾನಾಗಿ ನಡೆಸುವ ಆ ಪರೀಕ್ಷೆಗೆ ಡಿಸ್ಕ್ ಗಟ್ಟಿಮುಟ್ಟಾಗಿದೆ, ಕಡತ ವ್ಯವಸ್ಥೆಯ ಲೆಕ್ಕಪತ್ರ ಮಾತ್ರ ತಪ್ಪಿದೆ ಎಂಬ ನಂಬಿಕೆ. ತಾಳೆಯಾಗದ ನಮೂದು ಕಂಡರೆ ಅದು ತಿದ್ದುತ್ತದೆ, ಅಂದರೆ ಬರೆಯುತ್ತದೆ. ಡಿಸ್ಕಿನ ಮೇಲ್ಮೈಯೇ ಕೆಟ್ಟಿದ್ದರೆ ನಮೂದು ತಾಳೆಯಾಗದಿರಲು ಕಾರಣ ಅದನ್ನು ಓದಲಾಗದಿರುವುದು. ಓದಲಾಗದ್ದನ್ನು ತಪ್ಪೆಂದು ತೀರ್ಮಾನಿಸಿ ತಿದ್ದಿದರೆ ಇದ್ದ ದಾರಿಯೂ ಅಳಿಸಿಹೋಗುತ್ತದೆ. ಸಾಯುತ್ತಿರುವ ಡಿಸ್ಕಿಗೆ ಚೆಕ್‌ಡಿಸ್ಕ್ ಎಂಬ ಈ ಪರೀಕ್ಷೆ ಓಡಿಸಬಾರದು ಎಂದು ಬೇರೆಯವರಿಗೆ ಹತ್ತು ಸಲ ಹೇಳಿದ್ದ ನಾನು, ರಾತ್ರಿ ಹನ್ನೊಂದು ಗಂಟೆಗೆ ನಿದ್ದೆಗಣ್ಣಿನಲ್ಲಿ ಅದನ್ನು ಇಡೀ ರಾತ್ರಿ ಓಡಲು ಬಿಟ್ಟೆ.

ಯಂತ್ರದ ಮುಂದೆ

ಮರುದಿನ ಹೋದಾಗ ವಿಂಡೋಸ್ ತೆರೆದಿತ್ತು. ಟಾಸ್ಕ್ ಮ್ಯಾನೇಜರ್ ನೋಡಿದೆ. ಡಿಸ್ಕ್ ನೂರಕ್ಕೆ ನೂರು ಕಾರ್ಯನಿರತ, ಆದರೆ ಹರಿದುಬರುತ್ತಿದ್ದ ದತ್ತಾಂಶ ಸೆಕೆಂಡಿಗೆ 0.4 ಎಂಬಿ. ಸರಾಸರಿ ಪ್ರತಿಕ್ರಿಯೆ ಸಮಯ 4,000 ಮಿಲಿಸೆಕೆಂಡ್ ದಾಟಿತ್ತು. ವೈರಸ್, ಅಪ್‌ಡೇಟ್, ರ‍್ಯಾಮ್ ಕೊರತೆ ಇವೆಲ್ಲ ಡಿಸ್ಕನ್ನು ದಣಿಸಿದರೂ ಕೆಲಸವಂತೂ ನಡೆಯುತ್ತಿರುತ್ತದೆ, ಹರಿವು ಕಾಣುತ್ತದೆ. ಇಲ್ಲಿ ದಣಿವು ಮಾತ್ರ ಇತ್ತು.

ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ 8.33 ಮಿಲಿಸೆಕೆಂಡ್ ಬೇಕು. ಒಂದು ಸೆಕ್ಟರ್, ಅಂದರೆ ಡಿಸ್ಕ್ ಒಮ್ಮೆಗೆ ಓದುವ ಅತಿ ಚಿಕ್ಕ ತುಂಡು, ಓದಲು ಬಾರದಿದ್ದರೆ ಅದು ಮತ್ತೆ ಓದುವ ತಲೆಯ ಕೆಳಗೆ ಬರುವವರೆಗೆ ಒಂದು ಸುತ್ತು ಕಾಯಬೇಕು. ನಾಲ್ಕು ಸೆಕೆಂಡ್ ಎಂದರೆ ಸುಮಾರು 480 ಸುತ್ತು. ಮನೆಬಳಕೆಯ ಹಾರ್ಡ್ ಡಿಸ್ಕುಗಳ ಸ್ವಭಾವವೇ ಹಾಗೆ: ತನ್ನಲ್ಲಿರುವುದು ಒಂದೇ ಪ್ರತಿ ಎಂದುಕೊಂಡು, ಸೋಲೊಪ್ಪುವ ಮೊದಲು ಹಠ ಹಿಡಿದು ಮತ್ತೆ ಮತ್ತೆ ಓದುತ್ತವೆ. ಹಲವು ಡಿಸ್ಕುಗಳ ಜೋಡಣೆಗೆಂದೇ ತಯಾರಾದವು ಕೆಲವೇ ಸೆಕೆಂಡಿನಲ್ಲಿ ಕೈಚೆಲ್ಲುತ್ತವೆ, ಏಕೆಂದರೆ ಪಕ್ಕದ ಡಿಸ್ಕಿನಲ್ಲಿ ಪ್ರತಿ ಇರುತ್ತದೆ. ಅಕ್ಕನ ಹನ್ನೊಂದು ನಿಮಿಷ ಹೋದದ್ದು ಈ ಹಠದಲ್ಲಿ.

ವಿಂಡೋಸ್ ತಾನು ಕಂಡ ದೋಷಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ಮೂರು ಬಗೆಯ ನಮೂದು ಸಾಲುಗಟ್ಟಿದ್ದವು. ಸಂಖ್ಯೆ 153: ಓದುವ ಕೋರಿಕೆಯನ್ನು ಮರುಪ್ರಯತ್ನಿಸಲಾಯಿತು. ಸಂಖ್ಯೆ 129: ಸಾಧನ ಉತ್ತರಿಸದ ಕಾರಣ ಅದನ್ನು ರೀಸೆಟ್ ಮಾಡಲಾಯಿತು. ಸಂಖ್ಯೆ 7: ಡಿಸ್ಕಿನಲ್ಲಿ ಕೆಟ್ಟ ಬ್ಲಾಕ್ ಇದೆ. ಮೊದಲಿನ ಎರಡಕ್ಕೆ ಕೇಬಲ್ ಕೂಡ ಕಾರಣವಾಗಬಹುದು. ಏಳು ಮಾತ್ರ ನೇರವಾಗಿ ಡಿಸ್ಕಿನತ್ತ ಬೊಟ್ಟು ಮಾಡುತ್ತದೆ.

ಅಲ್ಲಿಗೆ ವಿಂಡೋಸನ್ನು ಮುಚ್ಚಿದೆ, ಶಿಫ್ಟ್ ಕೀಲಿ ಒತ್ತಿಹಿಡಿದುಕೊಂಡೇ. ವಿಂಡೋಸ್ 10ರಲ್ಲಿ ವೇಗದ ಆರಂಭದ ಸೌಲಭ್ಯ ಚಾಲ್ತಿಯಲ್ಲಿದ್ದರೆ ಸಾಮಾನ್ಯ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ವ್ಯವಸ್ಥೆಯ ಒಂದು ಭಾಗವನ್ನು ಡಿಸ್ಕಿಗೆ ಬರೆದಿಟ್ಟು ಮಲಗಿಕೊಳ್ಳುತ್ತದೆ. ಅರೆನಿದ್ದೆಯಲ್ಲಿರುವ ಡಿಸ್ಕಿನ ನಕಲು ತೆಗೆದರೆ ನಕಲೂ ಅರೆನಿದ್ದೆಯಲ್ಲೇ ಏಳಲು ನೋಡುತ್ತದೆ. ಶಿಫ್ಟ್ ಒತ್ತಿದರೆ ನಿಜವಾಗಿ ಮುಚ್ಚುತ್ತದೆ.

ಐದು ಸಾಲುಗಳು

ಪೆನ್ ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ, ಡಿಸ್ಕನ್ನು ಮೌಂಟ್ ಮಾಡದೆ, ಅಂದರೆ ಅದರ ಕಡತಗಳನ್ನು ತೆರೆಯದೆ, ಸ್ಮಾರ್ಟ್‌ಸಿಟಿಎಲ್ ಆದೇಶದಿಂದ ಅದರ ಸ್ಮಾರ್ಟ್ ವರದಿ ತೆಗೆದೆ. ಈ ವರದಿ ಡಿಸ್ಕ್ ತನ್ನ ಬಗ್ಗೆ ತಾನೇ ಬರೆದುಕೊಂಡ ದಿನಚರಿ. ಅದನ್ನು ಕೇಳುವುದರಿಂದ ಡಿಸ್ಕಿಗೆ ಹೆಚ್ಚಿನ ಹೊರೆಯಿಲ್ಲ. ಮೇಲೆಯೇ ದಪ್ಪಗೆ ಒಟ್ಟಾರೆ ಆರೋಗ್ಯ: ಉತ್ತೀರ್ಣ.

ಈ ಒಂದು ಪದ ಎಷ್ಟು ಜನರನ್ನು ಮುಳುಗಿಸಿದೆಯೋ ಲೆಕ್ಕವಿಲ್ಲ. ತಯಾರಕರು ಪ್ರತಿ ಸೂಚಕಕ್ಕೂ ಒಂದು ಮಿತಿ ಇಟ್ಟಿರುತ್ತಾರೆ, ಅದನ್ನು ದಾಟಿದರೆ ಮಾತ್ರ ಅನುತ್ತೀರ್ಣ. ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಸಾಲಿಗೆ ಎಷ್ಟೋ ಡಿಸ್ಕುಗಳಲ್ಲಿ ಮಿತಿ ಸೊನ್ನೆ, ಎಂದರೆ ಆ ಸಾಲು ಯಾವತ್ತೂ ಸೋಲುವುದೇ ಇಲ್ಲ. ಹಾಗಾಗಿ ನಾನು ಫಲಿತಾಂಶವನ್ನು ಬಿಟ್ಟು ಕೊನೆಯ ಕಾಲಂನ ಕಚ್ಚಾ ಅಂಕಿಗಳನ್ನು ಓದುತ್ತೇನೆ. ಕಾಗದದ ಮೇಲೆ ಬರೆದುಕೊಂಡ ಐದು ಸಾಲು ಇವು:

9, ಚಾಲನೆಯ ಗಂಟೆಗಳು: 21,436
5, ಬದಲಿ ಸೆಕ್ಟರುಗಳು: 48
197, ಬಾಕಿ ಸೆಕ್ಟರುಗಳು: 112
198, ಸರಿಪಡಿಸಲಾಗದವು: 112
199, ಸಾಗಣೆಯ ದೋಷಗಳು: 37

ಬದಲಿ ಎಂದರೆ ಡಿಸ್ಕ್ ಈಗಾಗಲೇ ಕೈಬಿಟ್ಟು, ತನ್ನ ಮೀಸಲು ಜಾಗದಿಂದ ಬೇರೆ ಸೆಕ್ಟರ್ ಕೊಟ್ಟು ಮುಗಿಸಿದ ಲೆಕ್ಕ. ಅದು ಹಳೆಯ ಗಾಯದ ಕಲೆ. ಬಾಕಿ ಎಂದರೆ ಇನ್ನೂ ತೀರ್ಮಾನವಾಗದ್ದು: ಅಲ್ಲೇನೋ ಬರೆದಿದೆ, ಓದಲು ಆಗುತ್ತಿಲ್ಲ, ಯಾರಾದರೂ ಅದರ ಮೇಲೆ ಹೊಸದಾಗಿ ಬರೆಯುವವರೆಗೆ ಆ ಜಾಗವನ್ನು ಬಿಡುವಂತೆಯೂ ಇಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಬದಲಿಯ ಸಂಖ್ಯೆಗಿಂತ ನನ್ನನ್ನು ಹೆದರಿಸುವುದು ಬಾಕಿಯ ಸಂಖ್ಯೆ, ಏಕೆಂದರೆ ಅದು ಯಾರದೋ ಕಡತ. ಇನ್ನೊಂದು ಗಮನಿಸಿದೆ: 48, 112 ಎರಡೂ 8ರ ಗುಣಕ. ಇಂದಿನ ಡಿಸ್ಕುಗಳ ಒಳಗಿನ ನಿಜವಾದ ಸೆಕ್ಟರ್ 4,096 ಬೈಟ್. ಹೊರಗೆ ಮಾತ್ರ ಹಳೆಯ ರೂಢಿಯಂತೆ 512 ಬೈಟಿನ ಎಂಟು ತುಂಡು ಎಂದು ತೋರಿಸುತ್ತವೆ. ಈ ಡಿಸ್ಕ್ ತುಂಡುಗಳನ್ನು ಎಣಿಸುತ್ತಿತ್ತು. ಹಾಗಾದರೆ ಕೆಟ್ಟ ಜಾಗಗಳು 14.

ಒಂದು ಟಿಬಿಯಲ್ಲಿ ಹದಿನಾಲ್ಕು ಜಾಗ ಏನು ಮಹಾ ಅನ್ನಿಸಬಹುದು. ಗೂಗಲ್‌ನ ಮೂವರು ಸಂಶೋಧಕರು ತಮ್ಮಲ್ಲಿದ್ದ 1 ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ದಾಖಲೆ ಇಟ್ಟುಕೊಂಡು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ಬಾಕಿಯ ಎಣಿಕೆ ಸೊನ್ನೆಯಿಂದ ಒಂದಕ್ಕೆ ಏರಿದ ಡಿಸ್ಕ್, ಏರದ ಡಿಸ್ಕಿಗಿಂತ 60 ದಿನಗಳೊಳಗೆ ಸಾಯುವ ಸಂಭವ 16 ಪಟ್ಟು. ಅದೇ ಅಧ್ಯಯನದ ಇನ್ನೊಂದು ಮುಖವೂ ಇದೆ: ಸತ್ತ ಡಿಸ್ಕುಗಳಲ್ಲಿ ಶೇಕಡಾ 56ಕ್ಕಿಂತ ಹೆಚ್ಚಿನವು ನಾಲ್ಕು ಪ್ರಬಲ ಸೂಚಕಗಳ ಪೈಕಿ ಒಂದನ್ನೂ ತೋರಿಸದೆಯೇ ಸತ್ತಿದ್ದವು. ಅಂದರೆ ಸ್ಮಾರ್ಟ್ ಕೆಟ್ಟದ್ದು ಹೇಳಿದರೆ ನಂಬಬೇಕು, ಒಳ್ಳೆಯದು ಹೇಳಿದರೆ ನಂಬಬೇಕಿಲ್ಲ. ನೆಂಟರಲ್ಲೂ ಅಂಥವರು ಇರುತ್ತಾರೆ.

199ನೆಯ ಸಾಲಿನ 37 ಬೇರೆಯೇ ಕಥೆ. ಡಿಸ್ಕಿನಿಂದ ಮದರ್‌ಬೋರ್ಡಿಗೆ ಹೋಗುವ ದಾರಿಯಲ್ಲಿ ದತ್ತಾಂಶ ಕೆಟ್ಟದ್ದನ್ನು ಅದು ಎಣಿಸುತ್ತದೆ. ಅಪರಾಧಿ ಸಾಮಾನ್ಯವಾಗಿ ಸಡಿಲವಾದ ಅಥವಾ ಹಳೆಯ ಸಾಟಾ ಕೇಬಲ್. ಈ ಎಣಿಕೆ ಇಳಿಯುವುದಿಲ್ಲ, ಹಾಗಾಗಿ 37 ನಿನ್ನೆಯದೋ ಐದು ವರ್ಷ ಹಿಂದಿನದೋ ಅಂಕಿ ಹೇಳುವುದಿಲ್ಲ. ಒಂದು ದೋಷ ಸಿಕ್ಕಿತು ಎಂದು ಹುಡುಕಾಟ ನಿಲ್ಲಿಸುವವರು ಇಲ್ಲಿ ಎಡವುತ್ತಾರೆ: ಕೇಬಲ್ ಬದಲಿಸಿ ಗೆದ್ದೆ ಎಂದುಕೊಳ್ಳುತ್ತಾರೆ, ಅಥವಾ ಬಾಕಿ ನೋಡಿ ಹೊಸ ಡಿಸ್ಕ್ ತಂದು ಅದೇ ಹಾಳು ಕೇಬಲಿಗೆ ಸಿಕ್ಕಿಸುತ್ತಾರೆ. ಕೇಬಲ್ ಬದಲಿಸಿದೆ. 37 ಕೊನೆಯವರೆಗೂ 37ರಲ್ಲೇ ನಿಂತಿತು. ಬಾಕಿ ನಿಲ್ಲಲಿಲ್ಲ.

ಪೂರ್ತಿ ಸ್ವಪರೀಕ್ಷೆ ನಡೆಸುವ ಆಸೆ ಆಗದೆ ಇರಲಿಲ್ಲ. ಆ ಪರೀಕ್ಷೆ ಇಡೀ ಮೇಲ್ಮೈಯನ್ನು ಓದುತ್ತದೆ. ಎರಡು ಗಂಟೆಗೂ ಮಿಕ್ಕಿದ ಕೆಲಸ. ಆದರೆ ಆ ಓದಿನಿಂದ ಒಂದು ಬೈಟ್ ಕೂಡ ನನ್ನ ಕೈಗೆ ಬರುವುದಿಲ್ಲ. ಡಿಸ್ಕಿನಲ್ಲಿ ಒಂದೇ ಒಂದು ಪೂರ್ತಿ ಓದಿಗಾಗುವಷ್ಟು ಜೀವ ಉಳಿದಿದ್ದರೆ ಅದನ್ನು ಪರೀಕ್ಷೆಗೆ ಕೊಡುವುದೋ ನಕಲಿಗೆ ಕೊಡುವುದೋ? ನಿನ್ನೆಯ ರಾತ್ರಿ ಒಂದು ಪಾಲನ್ನು ನಾನಾಗಲೇ ತಿಂದು ಹಾಕಿದ್ದೆ. ಉಳಿದ ರೋಗನಿರ್ಣಯವನ್ನೆಲ್ಲ ಡಿಸ್ಕನ್ನು ಮುಟ್ಟದೆ ಮಾಡುವುದೆಂದು ನಿರ್ಧರಿಸಿದೆ.

ಡಿಸ್ಕಿನ ಎರಡೂ ಕೇಬಲ್ ಕಳಚಿ ರ‍್ಯಾಮ್ ಪರೀಕ್ಷೆಯನ್ನು ಪೆನ್ ಡ್ರೈವಿನಿಂದ ಓಡಿಸಿದೆ. ರ‍್ಯಾಮಿನ ಮೇಲೆ ಸಂದೇಹವಿತ್ತೆಂದಲ್ಲ. ನಕಲಾಗುವ ಪ್ರತಿ ಬೈಟೂ ರ‍್ಯಾಮಿನ ಮೂಲಕ ಹಾದುಹೋಗುತ್ತದೆ. ಅದು ಕೆಟ್ಟಿದ್ದರೆ ಒಳ್ಳೆಯ ಜಾಗದ ದತ್ತಾಂಶವೂ ಸದ್ದಿಲ್ಲದೆ ಕೆಡುತ್ತದೆ. ತಪ್ಪು ಸಿಗಲಿಲ್ಲ. ಮದರ್‌ಬೋರ್ಡಿನ ಒಳ ತಂತ್ರಾಂಶವಾದ ಫರ್ಮ್‌ವೇರ್‌ನ ತೆರೆಯಲ್ಲಿ 12 ವೋಲ್ಟಿನ ಸಾಲು 11.9 ತೋರಿಸಿತು, 11.4ರಿಂದ 12.6ರವರೆಗೆ ಸರಿಯೆಂದೇ ಲೆಕ್ಕ. ಪವರ್ ಸಪ್ಲೈ ನಿರ್ದೋಷಿ.

ಹೊಸ ಡ್ರೈವ್

ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ದತ್ತಾಂಶ ಇಡುವ ಎಸ್‌ಎಸ್‌ಡಿಯೇ ಬೇಕು ಎಂಬುದರಲ್ಲಿ ಚರ್ಚೆ ಇರಲಿಲ್ಲ. ಯಾವ ಎಸ್‌ಎಸ್‌ಡಿ ಎಂಬುದರಲ್ಲಿ ಇತ್ತು. ಮದರ್‌ಬೋರ್ಡಿನಲ್ಲಿ ಎಂ.2 ಎಂಬ ಕಿಂಡಿ ಖಾಲಿ ಇತ್ತು, ಎನ್‌ವಿಎಂಇ ಎಂಬ ಹೆಚ್ಚು ವೇಗದ ಬಗೆಯದನ್ನು ಹಾಕಬಹುದಿತ್ತು. ನಾನು ಹಳೆಯ ಡಿಸ್ಕಿನಂತೆ ಕೇಬಲಿಗೆ ಸಿಕ್ಕಿಸುವ ಸಾಟಾ ಆರಿಸಿದೆ. ಸಾಟಾ ದಾರಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 550 ಎಂಬಿ, ಎನ್‌ವಿಎಂಇಯಲ್ಲಿ ಅದರ ಹಲವು ಪಟ್ಟು, ನಿಜ. ಆದರೆ ಬೂಟ್ ಎಂಬುದು ಸಾವಿರಾರು ಚಿಕ್ಕ ಚಿಕ್ಕ ಓದುಗಳ ಕೆಲಸ. ತಿರುಗುವ ಡಿಸ್ಕ್ ಸೆಕೆಂಡಿಗೆ ಅಂಥ ನೂರು ಓದು ಓದಿದರೆ ಹೆಚ್ಚು, ಯಾವುದೇ ಎಸ್‌ಎಸ್‌ಡಿ ಹತ್ತಾರು ಸಾವಿರ ಓದುತ್ತದೆ. ಹಾರ್ಡ್ ಡಿಸ್ಕ್ ಬಿಟ್ಟು ಬಂದವರಿಗೆ ಆಮೇಲಿನ ವ್ಯತ್ಯಾಸ ಹೆಚ್ಚೇನೂ ತಿಳಿಯುವುದಿಲ್ಲ. ಮುಖ್ಯ ಕಾರಣ ಬೇರೆ: ಎನ್‌ವಿಎಂಇಗೆ ವಿಂಡೋಸಿನ ಚಾಲಕ ಬೇರೆ. ಅದನ್ನು ಎಂದೂ ಬಳಸದ ವಿಂಡೋಸಿನ ನಕಲು ಮೊದಲ ಬೂಟಿನಲ್ಲೇ ಬೂಟ್ ಸಾಧನ ಸಿಗಲಿಲ್ಲವೆಂದು ನೀಲಿ ತೆರೆ ತೋರಿಸಬಹುದು. ಸೇಫ್ ಮೋಡ್ ಮೂಲಕ ಅದನ್ನು ದಾಟಬಹುದು, ದಾಟಿದ್ದೇನೆ. ಆದರೂ ಕೆಡುವ ಸಾಧ್ಯತೆಗಳು ಈಗಾಗಲೇ ಸಾಕಷ್ಟಿದ್ದ ದಿನ ಇನ್ನೊಂದನ್ನು ಕರೆತರುವುದು ಬೇಡವೆನಿಸಿತು.

ಗಾತ್ರದ ವಿಷಯದಲ್ಲಿ ಒಂದು ಎಚ್ಚರ. 1 ಟಿಬಿ ಎಂದು ಮಾರುವ ಡ್ರೈವುಗಳು ಉದ್ಯಮದ ಒಪ್ಪಂದದಂತೆ 1,00,02,04,88,60,16 ಎಂದು ಅಲ್ಪವಿರಾಮ ಎಲ್ಲಿ ಹಾಕಬೇಕೋ ತಿಳಿಯದ ಒಂದು ಸಂಖ್ಯೆಯಷ್ಟು ಬೈಟ್ ಹಿಡಿಯುತ್ತವೆ. ಸೆಕ್ಟರಿನಲ್ಲಿ ಹೇಳಿದರೆ 195,35,25,168. ಹಳೆಯದೂ ಅಷ್ಟೇ, ಹೊಸದೂ ಅಷ್ಟೇ. ಅದೇ 960 ಜಿಬಿಯದನ್ನು ಹೆಚ್ಚುಕಡಿಮೆ ಒಂದೇ ಎಂದು ತಂದರೆ ಸೆಕ್ಟರ್‌ಗೆ ಸೆಕ್ಟರ್ ನಕಲು ಕೊನೆಯಲ್ಲಿ ಜಾಗ ಸಾಲದೆ ನಿಲ್ಲುತ್ತದೆ.

ಹೊಸ ಡ್ರೈವಿಗೆ ಹೊಸದಾಗಿಯೇ ವಿಂಡೋಸ್ ಹಾಕಬಹುದಿತ್ತಲ್ಲ ಎಂದರೆ, ಕೆಟ್ಟ ಡಿಸ್ಕಿನ ವಿಷಯದಲ್ಲಿ ಸಾಮಾನ್ಯವಾಗಿ ನನ್ನ ಮತ ಅದೇ. ಇಲ್ಲಿ ಅಡ್ಡ ಬಂದದ್ದು ಅನುವಾದದ ತಂತ್ರಾಂಶದ ಹಳೆಯ ಆವೃತ್ತಿ. ಅದರ ಪರವಾನಗಿ ಈ ವಿಂಡೋಸಿಗೇ ಅಂಟಿಕೊಂಡಿತ್ತು, ಅನುಸ್ಥಾಪನೆಯ ಕಡತ ಅಕ್ಕನ ಬಳಿ ಇರಲಿಲ್ಲ. ಡಿಸ್ಕಿಗೆ ಗೂಢಲಿಪೀಕರಣವೂ ಇರಲಿಲ್ಲ. ಇದ್ದಿದ್ದರೆ 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಮೊದಲೇ ಹುಡುಕಿಟ್ಟುಕೊಳ್ಳದೆ ಒಂದು ತಿರುಪನ್ನೂ ಬಿಚ್ಚುತ್ತಿರಲಿಲ್ಲ.

ನಕಲು

ಎರಡು ಡ್ರೈವನ್ನೂ ಮದರ್‌ಬೋರ್ಡಿನ ಸಾಟಾ ಕಿಂಡಿಗಳಿಗೇ ಸಿಕ್ಕಿಸಿದೆ. ಯುಎಸ್‌ಬಿ ಪೆಟ್ಟಿಗೆಯ ಮೂಲಕ ಸುಲಭ, ಆದರೆ ಡಿಸ್ಕ್ ತಡವರಿಸಿದಾಗ ಪೆಟ್ಟಿಗೆಯೂ ಸಂಪರ್ಕ ಕಡಿದುಕೊಳ್ಳುತ್ತದೆ, ಕೆಲವು ಪೆಟ್ಟಿಗೆಗಳು ಸೆಕ್ಟರಿನ ಗಾತ್ರವನ್ನೇ ಬೇರೆಯಾಗಿ ತೋರಿಸುತ್ತವೆ.

ಮೊದಲು ಅಕ್ಕನ ಕೆಲಸದ ಫೋಲ್ಡರ್. ಇಡೀ ಡಿಸ್ಕಿನ ನಕಲೇ ಮೊದಲು ಆಗಬೇಕೆನ್ನುವವರಿದ್ದಾರೆ, ಅವರ ವಾದದಲ್ಲಿ ಹುರುಳಿದೆ. ಆದರೆ ಬೇಕಾದದ್ದು 6 ಜಿಬಿ ಮಾತ್ರ ಎಂದು ಗೊತ್ತಿರುವಾಗ, ಡಿಸ್ಕ್ ಇನ್ನೂ ಶಬ್ದ ಮಾಡದೆ ತಿರುಗುತ್ತಿರುವಾಗ, ಆ 6 ಜಿಬಿಯನ್ನು ಕೊನೆಗೆ ಇಡಲು ನನಗೆ ಮನಸ್ಸಾಗಲಿಲ್ಲ. ತಲೆ ಬಡಿದುಕೊಳ್ಳುವ ಟಿಕ್ ಟಿಕ್ ಸದ್ದು ಬಂದಿದ್ದರೆ ಎರಡನ್ನೂ ಬಿಟ್ಟು, ಸ್ವಿಚ್ ಆರಿಸಿ, ದತ್ತಾಂಶ ಹೊರತೆಗೆಯುವ ಪರಿಣತರಿಗೆ ಒಪ್ಪಿಸುತ್ತಿದ್ದೆ. ಓದಲು ಮಾತ್ರ ಎಂಬ ಕಟ್ಟಿನೊಂದಿಗೆ ಮೌಂಟ್ ಮಾಡಿ ನಕಲಿಸತೊಡಗಿದೆ. ಪುಟ್ಟ ಕಡತಗಳು ಸರಸರನೆ ಬಂದವು. ವಾಕ್ಯ ಭಂಡಾರದ ಕಡತ ಅರ್ಧಕ್ಕಿಂತ ಸ್ವಲ್ಪ ಮುಂದೆ ಹೋಗಿ ನಿಂತಿತು.

ಹಿಂದೆ ನಿಂತಿದ್ದ ಅಕ್ಕ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮತ್ತೆ ಪ್ರಯತ್ನಿಸದೆ ಅಲ್ಲಿಗೇ ನಿಲ್ಲಿಸಿ, ಅನ್‌ಮೌಂಟ್ ಮಾಡಿದೆ. ಬಾಕಿ ನೋಡಿದೆ: 120.

ಇನ್ನು ಡಿಡಿರೆಸ್ಕ್ಯೂ, ಕೆಟ್ಟ ಡಿಸ್ಕುಗಳ ನಕಲಿಗೆಂದೇ ಇರುವ ತಂತ್ರಾಂಶ. ಮಾಮೂಲಿ ನಕಲಿನ ತಂತ್ರಾಂಶ ಕೆಟ್ಟ ಜಾಗ ಸಿಕ್ಕಲ್ಲೇ ಕೂತು ಹಠ ಹಿಡಿಯುತ್ತದೆ, ಅಥವಾ ಕೈಬಿಟ್ಟು ಹೊರಡುತ್ತದೆ. ಇದು ಕೆಟ್ಟ ಜಾಗ ಕಂಡೊಡನೆ ಅದನ್ನು ಗುರುತು ಹಾಕಿ ಮುಂದಕ್ಕೆ ಹಾರುತ್ತದೆ. ಸುಲಭವಾಗಿ ಬರುವುದನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ್ದಕ್ಕೆ ಆಮೇಲೆ ಕೈ ಹಾಕುತ್ತದೆ. ಎಲ್ಲಿ ಓದಿದೆ, ಎಲ್ಲಿ ಇಲ್ಲ ಎಂಬ ನಕ್ಷೆಯನ್ನು ಒಂದು ಕಡತದಲ್ಲಿ ಇಡುತ್ತದೆ. ಮಧ್ಯೆ ವಿದ್ಯುತ್ ಹೋದರೂ ಆ ನಕ್ಷೆ ಹಿಡಿದು ಬಿಟ್ಟಲ್ಲಿಂದ ಮುಂದುವರಿಯಬಹುದು. ನಕ್ಷೆಯನ್ನು ಮೂರನೆಯದೊಂದು ಡ್ರೈವಿನಲ್ಲಿ ಇಡಬೇಕು, ಪೆನ್ ಡ್ರೈವಿನ ತಾತ್ಕಾಲಿಕ ಜಾಗದಲ್ಲಿ ಅಲ್ಲ.

ಆದೇಶ ಒತ್ತುವ ಮೊದಲು ಕೈ ನಡುಗಿತು, ಅದಕ್ಕೂ ಕಾರಣವಿದೆ. ಮೂಲ ಯಾವುದು, ಗುರಿ ಯಾವುದು ಎಂಬುದು ಆದೇಶದಲ್ಲಿ ಹೆಸರು ಬರೆಯುವ ಕ್ರಮವೊಂದರಿಂದಲೇ ತೀರ್ಮಾನ. ಅದಲು ಬದಲಾದರೆ ಖಾಲಿ ಡ್ರೈವ್ ಅಕ್ಕನ ಏಳು ವರ್ಷದ ಮೇಲೆ ನಿಷ್ಠೆಯಿಂದ ನಕಲಾಗುತ್ತದೆ. ಸಾಮಾನ್ಯವಾಗಿ ಗಾತ್ರ ನೋಡಿ ಗುರುತು ಹಿಡಿಯುತ್ತೇನೆ. ಇಲ್ಲಿ ಎರಡರ ಗಾತ್ರವೂ ಒಂದೇ ಬೈಟಿನ ವ್ಯತ್ಯಾಸವಿಲ್ಲದಂತೆ ಸಮ. ಹುಡುಕಿ ತಂದ ಅನುಕೂಲವೇ ಅಪಾಯವಾಗಿ ಕೂತಿತ್ತು. ಎರಡೂ ಡ್ರೈವಿನ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ಚೀಟಿಗಳ ಮೇಲೆ ಬರೆದು ಅಂಟಿಸಿ, ತೆರೆಯ ಮೇಲಿನದನ್ನು ಅಕ್ಕನಿಂದ ಗಟ್ಟಿಯಾಗಿ ಓದಿಸಿ, ಆಮೇಲೆ ಎಂಟರ್ ಒತ್ತಿದೆ.

ಮೊದಲ ಸುತ್ತಿನಲ್ಲಿ ಕೆಟ್ಟ ಜಾಗಗಳನ್ನು ಕೆರೆದು ನೋಡುವುದು ಬೇಡವೆಂದು ಹೇಳಿದ್ದೆ. ಸೆಕೆಂಡಿಗೆ 100 ಎಂಬಿಯ ಲೆಕ್ಕದಲ್ಲಿ ಆರೋಗ್ಯವಂತ 1 ಟಿಬಿಗೆ 2 ಗಂಟೆ 47 ನಿಮಿಷ ಸಾಕು. ಇದಕ್ಕೆ ನಾಲ್ಕು ಗಂಟೆ ಹಿಡಿಯಿತು. ಡಿಸ್ಕ್ 47 ಡಿಗ್ರಿಗೆ ಏರಿದಾಗ ಪೆಟ್ಟಿಗೆಯ ಬಾಗಿಲು ತೆರೆದು ಮೇಜಿನ ಫ್ಯಾನ್ ತಿರುಗಿಸಿಟ್ಟೆ. ಎರಡನೆಯ ಸುತ್ತಿನಲ್ಲಿ ಉಳಿದ ಚೂರುಗಳಿಗೆ ಮೂರು ಮರುಪ್ರಯತ್ನ. ಕೆಲವು ಜಾಗ ಮೂರನೆಯ ಸಲಕ್ಕೆ ಬಾಯಿಬಿಟ್ಟವು. ಕೊನೆಗೆ ಬಾರದೆ ಉಳಿದದ್ದು 36,864 ಬೈಟ್, ಅಂದರೆ ಒಂಬತ್ತು ಜಾಗ. ಬಾಕಿಯ ಸಾಲು ಅಷ್ಟು ಹೊತ್ತಿಗೆ 136. ಬೆಳಿಗ್ಗೆಯಿಂದ ಸಂಜೆಗೆ ಹದಿನಾಲ್ಕು ಹದಿನೇಳಾಗಿತ್ತು. ಡಿಸ್ಕ್ ಬದಲಿಸುವುದು ಅತಿಯಾಯಿತೇ ಎಂಬ ಅಳುಕು ಏನಾದರೂ ಉಳಿದಿದ್ದರೆ ಅದು ಆಗ ಹೋಯಿತು.

ಒಂಬತ್ತು ಜಾಗಗಳ ವಿಳಾಸ

ನಷ್ಟ 36 ಕೆಬಿ ಎಂದು ತಿಳಿದರೆ ಸಾಲದು, ಅದು ಯಾವ ಕಡತದ 36 ಕೆಬಿ? ಡಿಡಿರೆಸ್ಕ್ಯೂವಿನಲ್ಲಿ ಇದಕ್ಕೊಂದು ಚಂದದ ಉಪಾಯವಿದೆ. ನಕ್ಷೆಯಲ್ಲಿ ಕೆಟ್ಟದ್ದೆಂದು ಗುರುತಾದ ಜಾಗಗಳನ್ನು, ನಕಲಿನಲ್ಲಿ, ನಾವು ಹೇಳಿದ ಪದಗಳಿಂದ ತುಂಬಿಸಬಹುದು. ಆಮೇಲೆ ಎಲ್ಲ ಕಡತಗಳಲ್ಲೂ ಆ ಪದಗಳನ್ನು ಹುಡುಕಿದರೆ ಪೆಟ್ಟು ತಿಂದವು ಸಿಕ್ಕಿಬೀಳುತ್ತವೆ. ನಾನು ಕನ್ನಡದಲ್ಲೇ 'ಓದಲಾಗದ ಜಾಗ 7731' ಎಂದು ತುಂಬಿಸಿದೆ. ಸಂಖ್ಯೆ ಏಕೆಂದರೆ ಕನ್ನಡ ಅನುವಾದಕಿಯ ಡಿಸ್ಕಿನಲ್ಲಿ 'ಓದಲಾಗದ ಜಾಗ' ಎಂಬುದು ಸಹಜವಾಗಿಯೇ ಎಲ್ಲಾದರೂ ಇರಬಹುದಲ್ಲ.

ಎರಡು ಜಾಗ ವಿಂಡೋಸಿನ ಪೇಜ್ ಕಡತದಲ್ಲಿ, ಒಂದು ನಿದ್ರೆಯ ಕಡತದಲ್ಲಿ, ಎರಡು ಅಪ್‌ಡೇಟಿನ ತಾತ್ಕಾಲಿಕ ಕಡತಗಳಲ್ಲಿ. ಇವು ತಾವಾಗಿಯೇ ಮತ್ತೆ ಹುಟ್ಟಿಕೊಳ್ಳುವಂಥವು. ಒಂದು, ಯಾವುದೋ ವಿಡಿಯೊ ಸಭೆಯ ಧ್ವನಿಮುದ್ರಣದಲ್ಲಿ. ಎರಡು ಯಾವ ಕಡತದಲ್ಲೂ ಸಿಗಲಿಲ್ಲ, ಖಾಲಿ ಜಾಗದಲ್ಲಿದ್ದವು. ಒಂಬತ್ತನೆಯದು ವಾಕ್ಯ ಭಂಡಾರದಲ್ಲಿ.

ಚೆಕ್‌ಡಿಸ್ಕ್ ಓಡಿಸುವ ಕಾಲ ಈಗ ಬಂತು, ನಕಲಿನ ಮೇಲೆ. ಅದು ಹೆಚ್ಚೇನೂ ಹೇಳಲಿಲ್ಲ. ನಾನು ಹುಡುಕುತ್ತಿದ್ದದ್ದು ಮೊದಲ ರಾತ್ರಿಯ ಪರೀಕ್ಷೆ ಬಿಟ್ಟುಹೋದ ಗುರುತುಗಳನ್ನು. ಸಿ ಡ್ರೈವಿನ ಬುಡದಲ್ಲಿ, ಮರೆಯಾಗಿ, ಅನಾಥ ಕಡತಗಳನ್ನು ಹಾಕಿಡುವ ಫೋಲ್ಡರ್ ಇತ್ತು. ಒಳಗೆ ಹೆಸರಿಲ್ಲದ ಎರಡು ಕಡತ. ತೆರೆದಾಗ ಅಕ್ಕ ಗುರುತಿಸಿದಳು: ಆ ತಿಂಗಳು ಒಪ್ಪಿಸಬೇಕಿದ್ದ ಎರಡು ಅಧ್ಯಾಯ. ಅವು ಕಾಣೆಯಾಗಿದ್ದನ್ನೇ ಅವಳು ಇನ್ನೂ ಗಮನಿಸಿರಲಿಲ್ಲ. ಹೆಸರು ಹೋಗಿ ಒಡಲು ಉಳಿದದ್ದು ನನ್ನ ಅದೃಷ್ಟ. ಆ ಫೋನ್ ಮಾತಿನ ಬಗ್ಗೆ ಆಗ ಅವಳಿಗೆ ಹೇಳಿದೆ. "ನಾನೇ ನಿನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದ್ದು ಬಿಡು" ಎಂದಳು.

ಭಂಡಾರದ ಕಡತವನ್ನು ತಂತ್ರಾಂಶ ತೆರೆಯಲೊಲ್ಲದು. ಅದಕ್ಕೇ ಇರುವ ದುರಸ್ತಿ ಸೌಲಭ್ಯವನ್ನು ಕಡತದ ಇನ್ನೊಂದು ಪ್ರತಿಯ ಮೇಲೆ ಓಡಿಸಿದಾಗ ತೆರೆಯಿತು, 38 ವಾಕ್ಯ ಜೋಡಿ ಕಡಿಮೆಯಾಗಿ. ನಾಲ್ಕು ತಿಂಗಳ ಹಿಂದೆ ಸಹೋದ್ಯೋಗಿಯೊಬ್ಬರಿಗೆ ಕೊಡಲೆಂದು ಅಕ್ಕ ಇಡೀ ಭಂಡಾರವನ್ನು ಬೇರೆ ರೂಪದಲ್ಲಿ ರಫ್ತು ಮಾಡಿದ್ದಳು. ಅದು ಇಮೇಲಿನಲ್ಲಿ ಉಳಿದಿತ್ತು. ಕಳೆದ ಮೂವತ್ತೆಂಟಕ್ಕೆ ಮೂವತ್ತೆಂಟೂ ಅದರಲ್ಲಿ ಸಿಕ್ಕವು. ಬ್ಯಾಕಪ್ ಎಂದು ಯಾರೂ ಕರೆಯದ, ಯಾರೂ ಯೋಜಿಸದ ಒಂದು ಬ್ಯಾಕಪ್.

ಮೊದಲ ಬೂಟ್

ಹಳೆಯ ಡಿಸ್ಕನ್ನು ಕಳಚಿಟ್ಟೇ ಬೂಟ್ ಮಾಡಬೇಕು. ನಕಲಿನಲ್ಲಿ ಡಿಸ್ಕಿನ ಗುರುತಿನ ಸಂಖ್ಯೆಯೂ ನಕಲಾಗಿರುತ್ತದೆ. ಒಂದೇ ಗುರುತಿನ ಎರಡು ಡಿಸ್ಕ್ ಕಂಡರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ. ಹೊಸದನ್ನು ಅದರ ಜಾಗದಲ್ಲಿ ಕೂರಿಸಿ ಸ್ವಿಚ್ ಹಾಕಿದೆ. ಕಪ್ಪು ತೆರೆ: ಬೂಟ್ ಮಾಡಲು ಸಾಧನವಿಲ್ಲ.

ಅಕ್ಕ ನನ್ನ ಮುಖ ನೋಡಿದಳು. ತಪ್ಪು ಮತ್ತೆ ನನ್ನದೇ, ಆದರೆ ಈ ಸಲ ಸಣ್ಣದು. ವಿಂಡೋಸನ್ನು ಎಲ್ಲಿಂದ ಎಬ್ಬಿಸಬೇಕು ಎಂಬ ಸಾಲು ಡಿಸ್ಕಿನಲ್ಲಿ ಮಾತ್ರವಲ್ಲ, ಮದರ್‌ಬೋರ್ಡಿನ ನೆನಪಿನಲ್ಲೂ ಇರುತ್ತದೆ. ರ‍್ಯಾಮ್ ಪರೀಕ್ಷೆಗೆಂದು ಡಿಸ್ಕ್ ಕಳಚಿ ಬೂಟ್ ಮಾಡಿದ್ದಾಗ, ಇಲ್ಲದ ಡಿಸ್ಕಿನ ಸಾಲೇಕೆಂದು ಈ ಫರ್ಮ್‌ವೇರ್ ಅದನ್ನು ಅಳಿಸಿತ್ತು. ವಿಂಡೋಸ್ ಅನುಸ್ಥಾಪನೆಯ ಪೆನ್ ಡ್ರೈವಿನಿಂದ ದುರಸ್ತಿ ಭಾಗಕ್ಕೆ ಹೋಗಿ, ಕಮಾಂಡ್ ಪ್ರಾಂಪ್ಟ್ ತೆರೆದು, 100 ಎಂಬಿಯ ಬೂಟ್ ವಿಭಾಗಕ್ಕೆ ಒಂದು ಡ್ರೈವ್ ಅಕ್ಷರ ಕೊಟ್ಟು, ಬಿಸಿಡಿಬೂಟ್ ಆದೇಶದಿಂದ ಬೂಟ್ ಕಡತಗಳನ್ನು ಹೊಸದಾಗಿ ಬರೆಸಿದೆ. ಅಲ್ಲಿ ಸಿ ಎಂದು ಕಾಣುವುದು ನಮ್ಮ ಸಿ ಆಗಿರಬೇಕೆಂದಿಲ್ಲ. ನನಗೆ ಅದು ಡಿ ಆಗಿ ಕಂಡಿತು, ವಿಂಡೋಸ್ ಫೋಲ್ಡರ್ ಇರುವುದನ್ನು ನೋಡಿಯೇ ಮುಂದುವರಿದೆ. ಬೂಟ್ ಮ್ಯಾನೇಜರ್ ಸಾಲು ಪಟ್ಟಿಗೆ ಮರಳಿತು. 24 ಸೆಕೆಂಡಿನಲ್ಲಿ ವಿಂಡೋಸ್ ತೆರೆದುಕೊಂಡಿತು.

ಮರೆಯುವಂಥ ಒಂದು ಕೆಲಸ ಉಳಿದಿತ್ತು. ಸೆಕ್ಟರ್‌ಗೆ ಸೆಕ್ಟರ್ ನಕಲಿಸಿದಾಗ ಖಾಲಿ ಜಾಗವೂ ಬರೆಯಲ್ಪಟ್ಟಿರುತ್ತದೆ. 410 ಜಿಬಿ ಮಾತ್ರ ಬಳಕೆಯಲ್ಲಿದ್ದರೂ ಎಸ್‌ಎಸ್‌ಡಿ ತಾನು ತುಂಬಿ ತುಳುಕುತ್ತಿದ್ದೇನೆ ಎಂದೇ ತಿಳಿದಿರುತ್ತದೆ, ಒಳಗಿನ ಜಾಗ ಹೊಂದಿಸಿಕೊಳ್ಳಲು ಒದ್ದಾಡುತ್ತದೆ. ವಿಂಡೋಸಿನ ಡ್ರೈವ್ ಆಪ್ಟಿಮೈಸ್ ಗುಂಡಿ ಒತ್ತಿದರೆ ಯಾವುದು ನಿಜಕ್ಕೂ ಖಾಲಿ ಎಂದು ಟ್ರಿಮ್ ಎಂಬ ಆದೇಶದ ಮೂಲಕ ಅದಕ್ಕೆ ತಿಳಿಸಲಾಗುತ್ತದೆ. ಅದನ್ನು ಒತ್ತಿದೆ. ಒಂದು ಬಾಹ್ಯ ಡಿಸ್ಕಿಗೆ ದಿನವೂ ತಾನಾಗಿ ಬ್ಯಾಕಪ್ ಆಗುವಂತೆ, ಭಂಡಾರ ಮಾತ್ರ ವಾರಕ್ಕೊಮ್ಮೆ ರಫ್ತಾಗಿ ಅಕ್ಕನ ಇಮೇಲಿಗೇ ಹೋಗುವಂತೆ ಏರ್ಪಾಟು ಮಾಡಿ ಎದ್ದೆ. ಎಸ್‌ಎಸ್‌ಡಿಗಳು ಹನ್ನೊಂದು ನಿಮಿಷದ ಬೂಟಿನಂಥ ಮುನ್ಸೂಚನೆ ಕೊಡದೆಯೇ ಒಂದು ದಿನ ಮಾಯವಾಗುವುದುಂಟು.

ಹಳೆಯದು

ಹಳೆಯ ಡಿಸ್ಕನ್ನು ಒಂದು ತಿಂಗಳು ಮುಟ್ಟದೆ ಇಟ್ಟಿದ್ದೆವು, ನಕಲಿನಲ್ಲಿ ಏನಾದರೂ ಕೊರತೆ ಕಂಡರೆ ಎಂದು. ಏನೂ ಕಾಣಲಿಲ್ಲ. ಆಮೇಲೆ ಅದನ್ನು ನನ್ನ ಮೇಜಿಗೆ ತಂದು, ಮೊದಲ ದಿನ ಅದುಮಿಟ್ಟುಕೊಂಡಿದ್ದ ಕುತೂಹಲ ತೀರಿಸಿಕೊಂಡೆ. ಮೊದಲಿನಿಂದ ಕೊನೆಯವರೆಗೆ ಸೊನ್ನೆ ಬರೆದೆ. ಬರೆಯಲು ಹೊಸದು ಸಿಕ್ಕಿದ್ದರಿಂದ ಬಾಕಿ ಇದ್ದ ಜಾಗಗಳ ತೀರ್ಮಾನವಾಯಿತು: ಕೆಲವು ಬರೆಸಿಕೊಂಡು ಬದುಕಿದವು, ಆರನ್ನು ಡಿಸ್ಕ್ ಕೈಬಿಟ್ಟಿತು. ಬದಲಿ 48ರಿಂದ 96ಕ್ಕೆ ಹೋಯಿತು. ಬಾಕಿ 136ರಿಂದ ಸೊನ್ನೆಗೆ ಬಂತು. ಒಟ್ಟಾರೆ ಆರೋಗ್ಯ ಎಂದಿನಂತೆ ಉತ್ತೀರ್ಣ. ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎಂದವರು ನೋಡಿದ್ದರೆ ಹೇಳಿರಲಿಲ್ಲವೇ ಎನ್ನುತ್ತಿದ್ದರು.

ದಿನಕ್ಕೊಮ್ಮೆ ಪೂರ್ತಿ ಓದಿಸುತ್ತಾ ಬಂದೆ. ಹತ್ತು ದಿನ ಸೊನ್ನೆಯೇ ಇತ್ತು, ಒಂದು ಹಂತದಲ್ಲಿ ನನಗೇ ಅನುಮಾನ ಹುಟ್ಟಿತು. ಹನ್ನೊಂದನೆಯ ದಿನ ಬಾಕಿಯ ಸಾಲು 24 ಎಂದಿತು. ಕೈಬಿಟ್ಟ ಸೆಕ್ಟರುಗಳನ್ನು ಸೊನ್ನೆಯೂ ಮುಟ್ಟಿರುವುದಿಲ್ಲ, ಅವುಗಳಲ್ಲಿ ಅಕ್ಕನ ಯಾವ ವಾಕ್ಯಗಳಿವೆಯೋ. ಡಿಸ್ಕ್ ಆರಿಸಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.